ಮುಖ ಒರೆಸಿದ ಸೆರಗು

ದೆವ್ವ, ಗಾಳಿ ಅಂದರೆ ನಗುತ್ತಿದ್ದವಳು ನಾನು. ನಮ್ಮಜ್ಜಿ ಅಂಥ ಕಥೆ ಶುರುಮಾಡಿದರೆ ನಡುವೆ ಬಾಯಿ ಹಾಕಿ ಕೆಡಿಸಿಬಿಡುತ್ತಿದ್ದೆ. ಈಗ ಅಂಥದ್ದನ್ನೇ ನಾನು ಹೇಳಹೊರಟಿದ್ದೇನೆ. ನೀವು ನಂಬಲೇಬೇಕೆಂದೇನೂ ಇಲ್ಲ.

ಆಗ ಚಿಕ್ಕಬಾಣಾವರದ ಒಂದು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದೆ. ಪೀಣ್ಯದ ಗಾರ್ಮೆಂಟ್ಸ್‌ ಒಂದರಲ್ಲಿ ಬಟ್ಟೆ ಚೆಕ್ ಮಾಡುವ ಕೆಲಸ. ಅದು ಹೇಗೋ ತೊಡೆಯಲ್ಲಿ, ತೋಳಲ್ಲಿ ಬಲ ಇಳಿಯತೊಡಗಿತು. ತಲೆ ಬಾಚಲು ಕೈ ಮೇಲೇಳದು. ಬಸ್ಸಿನ ಮೆಟ್ಟಿಲು ಹತ್ತಲು ಕಂಬಿ ಹಿಡಿದು ಜಗ್ಗಬೇಕು. "ಏನಕ್ಕಾ, ಈಗ್ಲೇ ಮುದುಕಿ ಆಗ್ಬಿಟ್ಯಾ?" ಎಂದು ಜೊತೆಯ ಹುಡುಗಿಯರು ರೇಗಿಸುತ್ತಿದ್ದರು. ನಾನೂ ನಗುತ್ತಿದ್ದೆ. ಅನ್ನ ಗಂಟಲಲ್ಲಿ ನಿಲ್ಲತೊಡಗಿದ ಮೇಲೆ ನಗು ಬರಲಿಲ್ಲ.

ಡಾಕ್ಟರ ಹತ್ತಿರ ಹೋಗುವುದೆಂದರೆ ನಮ್ಮಂಥ ಹೆಂಗಸರಿಗೆ ಅದೊಂದು ಶಾಸ್ತ್ರ. ಮುಖ ತೊಳೆದು, ಪೌಡರ್ ಬಳಿದು, ಒಳ್ಳೆ ಸೀರೆ ಉಟ್ಟೇ ಹೋಗಬೇಕು. ಆ ದಿನಗಳಲ್ಲಿ ರೆಪ್ಪೆಗಳ ಮೇಲೆ ತಾನಾಗಿಯೇ ಒಂದು ನೇರಳೆ ಬಣ್ಣ ಕೂತಿತ್ತು. ಅದರ ಮೇಲೂ ದಪ್ಪಗೆ ಬಳಿದುಕೊಂಡು ಹೋಗುತ್ತಿದ್ದೆ. ಡಾಕ್ಟರು ಸುಸ್ತೆಂದು ಟಾನಿಕ್ ಕೊಟ್ಟು ಕಳಿಸುತ್ತಿದ್ದರು.

ಒಂದು ಸಂಜೆ ಹೀಗೇ ಕ್ಲಿನಿಕ್ಕಿಗೆ ಹೊರಟವಳು, ಸೀರೆ ಉಟ್ಟು ನೆರಿಗೆಯ ತುದಿ ಸರಿಮಾಡಲೆಂದು ನೆಲದಲ್ಲಿ ಕುಳಿತೆ. ಏಳಲಾಗಲಿಲ್ಲ. ಸೀರೆ ಉಡುವಾಗ ಹಾಕಿದ ಚಿಲಕ ಹಾಗೇ ಇತ್ತು. ಮೊಬೈಲು ಎತ್ತರದ ಗೂಡಿನಲ್ಲಿ. ಕೂಗಿದರೆ ಹೊರಗಿನ ಲಾರಿಗಳ ಸದ್ದಿನಲ್ಲಿ ನನಗೇ ಕೇಳಿಸದು. ನನ್ನನ್ನು ಹುಡುಕಿಕೊಂಡು ಯಾರು ಬಂದಾರು ಎಂದು ಯೋಚಿಸಿದೆ. ಒಬ್ಬರ ಹೆಸರೂ ಹೊಳೆಯಲಿಲ್ಲ. ಕತ್ತಲಾಗುತ್ತಾ ಬಂತು.

ಆಗ ಹಿಂದಿನಿಂದ ಎರಡು ಕೈಗಳು ನನ್ನ ಕಂಕುಳಲ್ಲಿ ತೂರಿ, ಮಗುವನ್ನು ಎತ್ತುವಂತೆ ಎತ್ತಿ ನಿಲ್ಲಿಸಿದವು. ಒದ್ದೆ ಸೆರಗೊಂದು ಮುಖ ಒರೆಸಿತು. "ಬಣ್ಣ ಬಳ್ಕೊಂಡು ಓದ್ರೆ ಅವ್ರಿಗೇನ್ ಕಾಣ್ತದವ್ವ? ಇಂಗೇ ಓಗು" ಎಂದಿತು ಒಂದು ಹೆಣ್ಣುದನಿ. ತಿರುಗಿ ನೋಡಿದೆ. ಯಾರೂ ಇಲ್ಲ. ಚಿಲಕ ಹಾಕಿದಂತೆಯೇ ಇತ್ತು. ನನ್ನ ಕೆನ್ನೆ ಒದ್ದೆಯಾಗಿತ್ತು.

ಹಾಗೇ ಹೋದೆ. ಡಾಕ್ಟರು ರೆಪ್ಪೆ ನೋಡಿದವರೇ ಬೆರಳಗಂಟುಗಳ ಮೇಲಿನ ಕೆಂಪು ನೋಡಿದರು, ತೋಳು ಒತ್ತಿಹಿಡಿದು ಎತ್ತಲು ಹೇಳಿದರು, ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ರಕ್ತ ತೆಗೆದರು, ತೊಡೆಯ ಸ್ನಾಯುವಿನ ಚೂರೊಂದನ್ನು ತೆಗೆದು ಪರೀಕ್ಷಿಸಿದರು. ಸ್ನಾಯುಗಳ ಉರಿಯೂತವಂತೆ, ಮೈಯ ಕಾವಲೇ ಮೈಯ ಮೇಲೆ ತಿರುಗಿಬಿದ್ದಿದೆಯಂತೆ. ಇನ್ನೂ ತಡವಾಗಿದ್ದರೆ ಉಸಿರಿಗೇ ಕಷ್ಟವಿತ್ತೆಂದರು. ಸ್ಟೆರಾಯ್ಡ್ ಮಾತ್ರೆ, ಬೇರೆ ಮಾತ್ರೆ, ಆಮೇಲೆ ವ್ಯಾಯಾಮ. ತಿಂಗಳುಗಟ್ಟಲೆ ಹಿಡಿಯಿತು, ಆದರೂ ಬಲ ಮರಳಿತು.

ಆ ಕೈಗಳ ವಿಷಯ ಹೇಳಿದಾಗ ಡಾಕ್ಟರು ನಗಲಿಲ್ಲ. ಭಯದಲ್ಲಿ ಹಾಗನ್ನಿಸುತ್ತದೆ ಎಂದರು. ಇರಬಹುದು. ಆದರೆ ಅಂಥ ಕಾಲುಗಳಲ್ಲಿ ಅವತ್ತು ಎದ್ದು ನಿಂತದ್ದು ಹೇಗೆಂದು ಅವರೂ ಹೇಳಲಿಲ್ಲ, ನನಗೂ ತಿಳಿದಿಲ್ಲ. ಈಗ ನೆಲದಿಂದ ನಾನೇ ಏಳುತ್ತೇನೆ. ಏಳುವ ಮುಂಚೆ ಮಾತ್ರ, ಯಾಕೋ, ಸ್ವಲ್ಪ ಹೊತ್ತು ಕಾಯುತ್ತೇನೆ.