ಇಲ್ಲದ ಹುತ್ತದ ಸುತ್ತ

ಎಪ್ಪತ್ತರ ದಶಕದಲ್ಲಿ ನಾನು ಸೊಸೆಯಾಗಿ ಬಂದಾಗ, ತಾಳವಾಡಿಯ ನಮ್ಮ ಆಲೆಮನೆಯಲ್ಲಿ ಬೆಲ್ಲ ಪದೇ ಪದೇ ಕೆಡುತ್ತಿತ್ತು. ಒಣಗಿದ ಕಬ್ಬಿನ ಸಿಪ್ಪೆ ಬರುವುದು ತಡವಾಗಿ, ಕೊಪ್ಪರಿಗೆಯ ಕೆಳಗೆ ಉರಿ ಕುಗ್ಗುತ್ತಿತ್ತು. ಬೈಗುಳ ಮಾತ್ರ ಹೊರೆ ಹೊರುವವರಿಗೆ. ನನಗೆ ರೇಗಿತು. ಒಂದು ಬೆಳಿಗ್ಗೆ ಅವರ ಹಿಂದೆಯೇ ನಡೆದು, ದಾರಿಯುದ್ದಕ್ಕೂ ಒಲೆಯ ಬೂದಿ ಚೆಲ್ಲಿದೆ. ಸಿಪ್ಪೆಯ ಮೆದೆಯಿಂದ ಒಲೆಯವರೆಗಿನ ಗೆರೆ ಬರಿಯ ಬಯಲಿನಲ್ಲಿ ದೊಡ್ಡ ಸುತ್ತು ಹಾಕಿತ್ತು.

“ಅಲ್ಲಿ ನಾಗಪ್ಪನ ಉತ್ತ ಇತ್ತು ಕಣವ್ವಾ, ತುಳೀಬಾರ್ದು,” ಎಂದರು ಮಾವ.

“ಈಗ ಎಲ್ಲದೆ ಮಾವ?”

“ಕರಗೋಗಿ ಬಾಳ ವರ್ಸ ಆಯ್ತು.”

ನಾನು ಬೂದಿಯಿಂದ ನೇರ ಗೆರೆ ಎಳೆದು, ಹೊರೆ ಹೊತ್ತು ಅದರ ಮೇಲೆಯೇ ನಡೆದೆ. ತಿರುಗಿ ನೋಡಿದರೆ ಮಾವ ಎಕ್ಕಡ ಕಳಚಿ, ಆ ಬರಿ ನೆಲಕ್ಕೆ ಕೈಮುಗಿದು, ತಾವೂ ಒಂದು ಹೊರೆ ಹೊತ್ತು ನನ್ನ ಗೆರೆ ಹಿಡಿದು ಬರುತ್ತಿದ್ದರು.