ಟೈರಿನ ಕೆಳಗೆ ಉಳಿದ ನಿಂಬೆಹಣ್ಣು

ದೃಷ್ಟಿ, ಶಕುನ, ನಿಂಬೆಹಣ್ಣು ಇವುಗಳಲ್ಲಿ ನನಗೆ ಯಾವತ್ತೂ ನಂಬಿಕೆ ಇರಲಿಲ್ಲ. ಈಗ ಇದೆ ಎಂದೂ ಎದೆ ತಟ್ಟಿ ಹೇಳಲಾರೆ. ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ, ನಾನಾಗಿದ್ದರೂ ನಗುತ್ತಿದ್ದೆ.

ಊರು ಬಿಟ್ಟು ಬಂದು ನೆಲೆಸಿದ ಈ ಪರದೇಶದಲ್ಲಿ, ರೆಡ್ಮಂಡಿನ ಎಜುಕೇಶನ್ ಹಿಲ್ ಬಡಾವಣೆಯಲ್ಲಿ ನಮ್ಮ ಮನೆ. ಕಾರಿನ ಹಿಂದೆ ಕಟ್ಟಿಕೊಂಡು ಎಳೆಯುವ, ಪುಟ್ಟ ಮನೆಯಂಥ ಸೆಕೆಂಡ್ ಹ್ಯಾಂಡ್ ಕ್ಯಾರವಾನ್ ಒಂದು ನಮ್ಮಲ್ಲಿದೆ. ನನ್ನ ಹೆಂಡತಿ ಸುಮಾ ಹಟ ಹಿಡಿದು ಕೊಳ್ಳಿಸಿದ್ದು. ಹೊರಡುವ ಮುಂಚೆ ಅವಳು ಅದರ ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಡುತ್ತಿದ್ದಳು. "ಇಲ್ಲಿನ ಲೆಮನ್‌ಗೆ ನಮ್ಮ ದೇವ್ರ ಪರಿಚಯ ಇರತ್ತೇನೇ?" ಎಂದು ನಾನು ರೇಗಿಸುತ್ತಿದ್ದೆ. ಅವಳು ತೀರಿಕೊಂಡ ಮೇಲೆ ಗಾಡಿ ಮನೆ ಮುಂದೆಯೇ ನಿಂತಿತು. ನಾನೂ ಹೆಚ್ಚುಕಡಿಮೆ ಹಾಗೇ ನಿಂತುಬಿಟ್ಟೆ.

ಕೆಲವು ವರ್ಷಗಳ ಹಿಂದೆ ಮಗಳು ಮೇಘಾ ಕಾಲೇಜಿನಿಂದ ವಾರಾಂತ್ಯಕ್ಕೆ ಬಂದಳು. ಕ್ಯಾರವಾನಿನಲ್ಲಿ ಸಮುದ್ರಕ್ಕೆ ಹೋಗಿಬರೋಣ ಎಂದು ಅವಳೇ ಕೇಳಿದ್ದಳು. ಅವಳಮ್ಮ ಹೋದ ಮೇಲೆ ನಾವಿಬ್ಬರೂ ಫೋನಿನಲ್ಲಿ "ಊಟ ಆಯ್ತಾ" ಬಿಟ್ಟು ಬೇರೆ ಮಾತೇ ಆಡಿರಲಿಲ್ಲ. ಇದು ತಪ್ಪಿದರೆ ಮತ್ತೆ ಕೇಳುವುದಿಲ್ಲವೇನೋ ಎಂಬ ಹೆದರಿಕೆ ನನಗೆ. ಟೈರು ನೋಡಿದೆ. ಗಾಳಿ ಸರಿಯಿತ್ತು, ಗ್ರಿಪ್ ಹೊಸದರ ಹಾಗೆ ಆಳವಾಗಿತ್ತು. ಓಡದ ಟೈರು ಸವೆಯುವುದಾದರೂ ಹೇಗೆ?

ಹೊರಡುವಾಗ ಮೇಘಾ, "ಅಪ್ಪ, ಯು ಫರ್ಗಾಟ್ ದ ಲೆಮನ್ಸ್" ಎಂದಳು. ಅವಳ ಮುಖ ನೋಡಿ, ಒಳಗಿಂದ ನಾಲ್ಕು ಹಣ್ಣು ತಂದು ಇಟ್ಟೆ. ಗಾಡಿಯನ್ನು ನಿಧಾನಕ್ಕೆ ಮುಂದೆ ಎಳೆದು ಇಳಿದು ನೋಡಿದರೆ ಮೂರು ಹಣ್ಣು ಅಪ್ಪಚ್ಚಿ. ಎಡಗಡೆ ಹಿಂದಿನ ಚಕ್ರದ್ದು ಮಾತ್ರ ಇಡಿಯಾಗಿತ್ತು. ಪಕ್ಕಕ್ಕೆ ಉರುಳಿರಬೇಕು ಎಂದು ಎತ್ತಿಕೊಂಡರೆ ಅದರ ಮೈಮೇಲೆ ಟೈರಿನ ಕಪ್ಪು ಗುರುತು. ಅದನ್ನೇ ಚಕ್ರದ ಹಿಂದೆ ಇಟ್ಟು, ನೋಡಲು ಮೇಘಾಳನ್ನು ನಿಲ್ಲಿಸಿ, ರಿವರ್ಸ್ ಬಂದೆ. "ಇಟ್ ವೆಂಟ್ ರೈಟ್ ಓವರ್ ಇಟ್, ಅಪ್ಪ" ಎಂದಳು ಮೆಲ್ಲಗೆ. ಚಕ್ರ ಮೇಲೇ ಹತ್ತಿಹೋಗಿದ್ದರೂ ಹಣ್ಣಿಗೆ ಏನೂ ಆಗಿರಲಿಲ್ಲ.

ಮಂಡಿಯೂರಿ ಆ ಟೈರಿನ ಒಳಮಗ್ಗುಲು ನೋಡಿದೆ. ರಬ್ಬರು ಚಳಿಗಾಲದ ಹಿಮ್ಮಡಿಯ ಹಾಗೆ ಬಿರಿದಿತ್ತು. ಟೈರಿನ ಪಕ್ಕದಲ್ಲಿ ಅದು ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ. ಓದಿ ನೋಡಿದೆ, ಹತ್ತು ವರ್ಷ ದಾಟಿತ್ತು. ನಿಂತ ಟೈರು ಸವೆಯದಿದ್ದರೂ ಮುದಿಯಾಗುತ್ತದೆ, ಗ್ರಿಪ್ ಎಷ್ಟೇ ಇರಲಿ ಐದಾರು ವರ್ಷಕ್ಕೆ ಬದಲಿಸಬೇಕು ಎಂಬುದು ಆಮೇಲೆ ತಿಳಿಯಿತು. ಆ ಚಕ್ರವನ್ನು ಪಕ್ಕದೂರು ಕರ್ಕ್‌ಲ್ಯಾಂಡಿನ ಟೈರಂಗಡಿಗೆ ಒಯ್ದು ಟೈರು ಬಿಚ್ಚಿಸಿದಾಗ ಅದರ ಮೇಲ್ಪದರ ಕೈಯಲ್ಲೇ ಕಿತ್ತುಬಂತು. ಹೆದ್ದಾರಿಯಲ್ಲಿ, ಮಗಳು ಪಕ್ಕದಲ್ಲಿ ಕೂತಿರುವಾಗ ಹಾಗಾಗಿದ್ದರೆ?

ಆ ಅಳತೆಯ ಟೈರು ಬರುವಷ್ಟರಲ್ಲಿ ವಾರಾಂತ್ಯ ಮುಗಿದುಹೋಯಿತು. ಮನೆ ಮುಂದೆ ನಿಂತ ಗಾಡಿಯೊಳಗೇ ಕೂತು ಇಬ್ಬರೂ ಪುಳಿಯೋಗರೆ ತಿಂದೆವು. "ವಾಸ್ ಇಟ್ ಅಮ್ಮ?" ಎಂದು ಕೇಳಿದಳು. ನಾನು ಅವಳ ತಟ್ಟೆಗೆ ಇನ್ನಷ್ಟು ಪುಳಿಯೋಗರೆ ಬಡಿಸಿದೆ. ಅವತ್ತು ನಾವು ಮೊದಲ ಸಲ ಒಟ್ಟಿಗೆ ಅತ್ತೆವು.

ನೆಲ ತಗ್ಗಿತ್ತೋ, ಹಣ್ಣು ಕಾಯಿಯಾಗಿತ್ತೋ, ನನಗೆ ಗೊತ್ತಿಲ್ಲ. ಅದೇ ಜಾಗದಲ್ಲಿ ಎಂಥೆಂಥ ಹಣ್ಣನ್ನೋ ಇಟ್ಟು ನೋಡಿದ್ದೇನೆ, ಒಂದೂ ಇಡಿಯಾಗಿ ಉಳಿಯಲಿಲ್ಲ. ಈಗ ಎಲ್ಲಿಗೆ ಹೊರಟರೂ ಇಡುತ್ತೇನೆ, ಇಳಿದು ನೋಡುತ್ತೇನೆ. ನಾಲ್ಕೂ ಅಪ್ಪಚ್ಚಿಯಾಗಿರುತ್ತವೆ. ಟೈರು ಚೆನ್ನಾಗಿವೆ ಎಂದು ಸಮಾಧಾನವಾಗಬೇಕು. ಆಗುವುದಿಲ್ಲ. ಇವತ್ತೂ ಸುಮಾ ಬರಲಿಲ್ಲ ಅನ್ನಿಸುತ್ತದೆ.