ಮೆಷಿನ್ನಿಗೆ ಉಡಿಸಿದ ಸೀರೆ

ಮೊಮ್ಮಕ್ಕಳೇ, ಹೊರಗಿನವರ ಮುಂದೆ ನನಗೆ ಬಾಯಿ ಬರುವುದಿಲ್ಲವೆಂದು ನಿಮಗೆ ಗೊತ್ತೇ ಇದೆ. ಆದರೆ ತೋಟದ ಮೋಟಾರು ತಾನೇ ಫೋನು ಮಾಡಿ, ಫೋನಿನೊಳಗಿನ ಹೆಣ್ಣುಮಗಳು 'ಮೋಟಾರ್ ಚಾಲನೆಯಲ್ಲಿದೆ' ಎಂದರೆ, 'ಆಯ್ತು ಕಣವ್ವ, ಒಳ್ಳೇದಾಯ್ತು' ಎಂದು ಉತ್ತರ ಕೊಡುತ್ತೇನೆ. ಆಮೇಲೆ ತೋಟಕ್ಕೆ ಹೋಗಿ, ನೀರು ಬರುತ್ತಿದೆಯೇ ಎಂದು ನೋಡಿಕೊಂಡೂ ಬರುತ್ತೇನೆ. ಮರ್ಯಾದೆ ಬೇರೆ, ನಂಬಿಕೆ ಬೇರೆ.

ನುಗ್ಗೇಹಳ್ಳಿಯಲ್ಲಿ ಬಸ್ಸು ಹತ್ತುವಾಗ ಇಂಜಿನ್ ನೋಡಿ ಹತ್ತಿದವರುಂಟೇ? ಡ್ರೈವರು ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡರೆ ನಮಗೆ ಸಾಕು, ಚನ್ನರಾಯಪಟ್ಟಣದವರೆಗೂ ನಿದ್ದೆ ಮಾಡುತ್ತೇವೆ. ಯಂತ್ರದ ಪಕ್ಕ ಗುರುತಿನವರು ಯಾರಾದರೂ ಇರಬೇಕು, ಅಷ್ಟೆ. ಇದನ್ನು ನನಗೆ ಸರಿಯಾಗಿ ತಿಳಿಸಿಕೊಟ್ಟವಳು ನಮ್ಮ ಹಸು ಚೆಲುವಿ.

ಚೆಲುವಿ ನನ್ನ ಕೈಗೆ ಬಿಟ್ಟು ಬೇರೆಯವರಿಗೆ ಹಾಲು ಕೊಟ್ಟವಳಲ್ಲ. ಈ ಚಳಿಗಾಲದಲ್ಲಿ ನನ್ನ ಬೆರಳುಗಳು ಬಗ್ಗಲಾರೆವೆಂದು ಕೂತವು. ಸೊಸೆ ಸುಜಾತ ಕರೆಯಲು ಹೋಗಿ ಮಂಡಿಗೆ ಒದೆ ತಿಂದಳು. ನನ್ನ ಮಗ, ಅಂದರೆ ನಿಮ್ಮ ಮಾವ, ಹಾಲು ಕರೆಯುವ ಮೆಷಿನ್ ತಂದ. ಕುಂಕುಮವಿಟ್ಟು, ನಿಂಬೆಹಣ್ಣು ತುಳಿಸಿ, ಗುಂಡಿ ಒತ್ತಿದೆವು. ಅದು ಗುರ್ ಎಂದದ್ದೇ ತಡ, ಚೆಲುವಿ ಕ್ಯಾನನ್ನು ತಿಪ್ಪೆಯವರೆಗೆ ಒದ್ದಳು.

"ಒದೆಯೋ ಹಸ ಕಟ್ಕೊಂಡು ಏನ್ ಮಾಡದು ಕಣವ್ವಾ? ಬರೋ ಸಂತೆಗೆ ಹೊಡ್ಕೊಂಡೋಯ್ತೀನಿ," ಎಂದ ನಿಮ್ಮ ಮಾವ. ಅಂದು ನನಗೆ ಮುದ್ದೆ ಇಳಿಯಲಿಲ್ಲ.

ಆಗ ನೆನಪಾದವರು ನಿಮ್ಮ ತಾತ. ನಿಮ್ಮಮ್ಮ ಹುಟ್ಟಿದಾಗ ನಾನು ಬಾಣಂತನಕ್ಕೆ ಹಳೇಕೋಟೆಯ ತವರಿನಲ್ಲಿದ್ದೆ. ಆಗಿನ ಹಸುವೂ ಇಂಥದ್ದೇ. ನಮ್ಮ ಕಡೆ ಅದಕ್ಕೊಂದು ಉಪಾಯವಿದೆ, ಕರೆಯುವವಳ ಸೀರೆ ಸುತ್ತಿಕೊಂಡು ಕೂರುವುದು. ನಿಮ್ಮ ತಾತ ನನ್ನ ಹಸಿರು ಸೀರೆ ಸುತ್ತಿಕೊಂಡು, ತಲೆಗೂ ಸೆರಗು ಹೊದ್ದು ಕೂತಿದ್ದರಂತೆ. ಪಕ್ಕದ ಮನೆ ದ್ಯಾವಕ್ಕ ಬೇಲಿಯಿಂದಲೇ ಇಣುಕಿ, "ಏನವ್ವ, ತವರಿಂದ ಯಾವಾಗ ಬಂದೆ? ಮೀಸೆ ಬ್ಯಾರೆ ಕಳ್ಸವ್ರೆ?" ಎಂದಳಂತೆ. ತಾತ ತುಟಿ ಬಿಚ್ಚಲಿಲ್ಲ. ದನಿ ಕೇಳಿದರೆ ಹಸುವಿಗೆ ತಿಳಿದುಬಿಡುತ್ತದಲ್ಲ.

ಮಾರನೆಯ ಬೆಳಿಗ್ಗೆ, ಕೊಟ್ಟಿಗೆ ಕೆಲಸಕ್ಕೆ ನಾನು ಉಡುವ, ಒಗೆಯದ ಸೀರೆಯನ್ನು ಮೆಷಿನ್ನಿನ ಹಿಡಿಗೂ ಕ್ಯಾನಿಗೂ ಸುತ್ತಿದೆ. ಮೋಟಾರು ಕಾಯುತ್ತದೆಂದು ಅದನ್ನು ಮಾತ್ರ ಬಿಟ್ಟೆ. ನೆರಿಗೆ ಹಾಕುವಾಗ ಸುಜಾತ ಬಂದಳು.

"ಅತ್ತೆ, ಇದ್ನ ಯಾರಿಗ್ ಕೊಟ್ಟು ಮದ್ವೆ ಮಾಡ್ತೀರಿ?"

"ಸುಮ್ಕೆ ಗುಂಡಿ ಒತ್ತವ್ವ," ಎಂದು ಚೆಲುವಿಯ ಬೆನ್ನ ಮೇಲೆ ಕೈಯಿಟ್ಟೆ.

ಗುರ್ ಎಂದಿತು. ಚೆಲುವಿ ಕಿವಿ ನಿಮಿರಿಸಿ, ಸೆರಗನ್ನು ಮೂಸಿದಳು. ನನ್ನನ್ನೂ ನೋಡಿದಳು. ಇಬ್ಬಿಬ್ಬರು ಅಜ್ಜಿಯರು ಎಲ್ಲಿಂದ ಬಂದರೆಂದು ಯೋಚಿಸಿದಳೋ ಏನೋ. ಆಮೇಲೆ ಸೆರಗಿನ ತುದಿ ನೆಕ್ಕುತ್ತ ನಿಂತಳು, ಕೊಳವೆಯಲ್ಲಿ ಹಾಲು ಬೆಳ್ಳಗೆ ಓಡಿತು. ಸುಜಾತ ನಕ್ಕೂ ನಕ್ಕೂ ಕಂಬ ಹಿಡಿದುಕೊಂಡಳು.

ದಿನಕ್ಕಿಷ್ಟು ನಾನು ದೂರ ಸರಿದೆ. ಮೊದಲು ಬಾಗಿಲಿಗೆ, ಆಮೇಲೆ ಜಗಲಿಗೆ. ಒಂದು ದಿನ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಕೊಟ್ಟಿಗೆಯಿಂದ ಗುರ್ ಸದ್ದು ಕೇಳಿತು, ಒದೆಯ ಸದ್ದಿಲ್ಲ. ನಿಮ್ಮ ಮಾವ ಸಂತೆಗೆ ಒಬ್ಬನೇ ಹೋಗಿ, ಚೆಲುವಿಗೆ ಹೊಸ ಗಂಟೆ ತಂದ.

ಮೊನ್ನೆ ಸುಜಾತ ಆ ಸೀರೆಯನ್ನು ಒಗೆಯಲು ಹಾಕಿದ್ದಳು. ಬರಿಯ ಮೆಷಿನ್ನಿಗೇ ಚೆಲುವಿ ಹಾಲು ಕೊಟ್ಟು, ಮೆಲುಕು ಹಾಕುತ್ತಿದ್ದಳು. ನಾನು ಬಾಗಿಲ ಮರೆಯಿಂದ ನೋಡಿದೆ. ಸೀರೆ ಒಣಗಿದ ಮೇಲೆ ತಂದು ಮತ್ತೆ ಮೆಷಿನ್ನಿಗೆ ಉಡಿಸಿದೆ. ಅದಿಲ್ಲದಿದ್ದರೆ ಹಸು ನಿಲ್ಲುವುದಿಲ್ಲವೆಂದು ಸುಜಾತಳಿಗೆ ಹೇಳಿದ್ದೇನೆ. ನೀವು ಬಾಯಿ ಬಿಡಬೇಡಿ.